ಲಾರಿಯ ಟರ್ಬೊ ತಡವೇಕೆ?

ಮಾನ್ವಿ, ದೇವದುರ್ಗದ ಕಡೆಯಿಂದ ಭತ್ತ ಹೊತ್ತು ರಾಯಚೂರಿನ ಗಿರಣಿಗಳಿಗೆ ಬರುವ ಲಾರಿ ಹಂಪ್ ದಾಟಿದ ಮೇಲೆ, ಆಕ್ಸಿಲರೇಟರ್ ಒತ್ತಿದರೂ ಕ್ಷಣಕಾಲ ಎಳೆತ ಸಿಗುವುದಿಲ್ಲ. ಇದೇ ಟರ್ಬೊ ಲ್ಯಾಗ್. ಸಿಲಿಂಡರಿಗೆ ಗಾಳಿಯನ್ನು ಒತ್ತಿ ತಳ್ಳುವ ಟರ್ಬೊದ ಟರ್ಬೈನನ್ನು ತಿರುಗಿಸುವುದು ಎಂಜಿನ್ನಿನ ಹೊಗೆ. ಆರ್‌ಪಿಎಂ ಇಳಿದಾಗ ಹೊಗೆಯ ರಭಸ ಕುಗ್ಗಿ, ಸಿಲಿಂಡರಿಗೆ ಒತ್ತಡದ ಗಾಳಿ ತಡವಾಗಿ ತಲುಪುತ್ತದೆ.

ದೊಡ್ಡ ಟರ್ಬೊ ಹಾಕಿಸಿದರೆ ಎಳೆತ ಹೆಚ್ಚೀತು ಎಂಬ ನಂಬಿಕೆ ಅರ್ಧಸತ್ಯ: ಅದರ ಭಾರದ ಚಕ್ರ ಇನ್ನೂ ನಿಧಾನವಾಗಿ ವೇಗ ಪಡೆಯುತ್ತದೆ. ಚಿಕ್ಕದು ಬೇಗ ತಿರುಗುತ್ತದೆ. ಆರ್‌ಪಿಎಂ ಏರಿದಾಗ ಅದರ ಒತ್ತಡ ಮಿತಿಮೀರದಂತೆ ವೇಸ್ಟ್‌ಗೇಟ್ ಎಂಬ ಕವಾಟ ತಡೆಯುತ್ತದೆ. ರೆಕ್ಕೆಗಳ ಕೋನ ಬದಲಿಸುವ ವಿಜಿಟಿ ಟರ್ಬೊ ಕಡಿಮೆ, ಹೆಚ್ಚು ಆರ್‌ಪಿಎಂ ಎರಡಕ್ಕೂ ಒಗ್ಗುತ್ತದೆ, ಆದರೆ ಮಸಿ ಕಟ್ಟಿದರೆ ರೆಕ್ಕೆಗಳು ಸಿಕ್ಕಿಕೊಳ್ಳುತ್ತವೆ, ದುರಸ್ತಿಯೂ ದುಬಾರಿ. ಹಳೆಯ ಲಾರಿಗೆ ಎಂಜಿನ್ನಿಗೆ ಹೊಂದುವ, ವೇಸ್ಟ್‌ಗೇಟ್ ಇರುವ ಟರ್ಬೊವೇ ವಾಸಿ. ಟರ್ಬೊ ಬದಲಿಸುವ ಮುನ್ನ ಧೂಳು ತುಂಬಿದ ಏರ್ ಫಿಲ್ಟರನ್ನೂ ಇಂಟರ್‌ಕೂಲರ್ ಪೈಪಿನ ಸೋರಿಕೆಯನ್ನೂ ಪರೀಕ್ಷಿಸಬೇಕು.