ಲ್ವಾರ್ ನದಿಯ ದಡದಲ್ಲಿ ಒಂದು ವಾರ

ಅನೇಕ ವರ್ಷಗಳ ಉಳಿತಾಯವನ್ನು ಕೂಡಿಸಿಕೊಂಡು ಫ್ರಾನ್ಸಿಗೆ ಹೊರಡುವ ಮಧ್ಯಮವರ್ಗದ ಕುಟುಂಬವು ಮೊದಲು ಮಾಡುವ ಕೆಲಸವೆಂದರೆ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬರೆಯುವುದು. ಪಟ್ಟಿಯು ಬೆಳೆಯುತ್ತ ಹೋಗುತ್ತದೆ. ರಜೆಯ ದಿನಗಳು ಬೆಳೆಯುವುದಿಲ್ಲ. ಹತ್ತು ದಿನಗಳಲ್ಲಿ ಆರು ನಗರಗಳನ್ನು ಮುಟ್ಟಿ ಬಂದವರ ನೆನಪಿನಲ್ಲಿ ಉಳಿಯುವುದು ರೈಲು ನಿಲ್ದಾಣಗಳೂ ಪೆಟ್ಟಿಗೆಗಳ ಭಾರವೂ ಮಾತ್ರ. ಅವಸರದವನಿಗೆ ಆ ದೇಶವು ತನ್ನ ಹೊರಬಾಗಿಲನ್ನಷ್ಟೇ ತೋರಿಸುತ್ತದೆ. ಊಟದ ಮೇಜಿನ ಮುಂದೆ ಎರಡು ಗಂಟೆ ನೆಮ್ಮದಿಯಾಗಿ ಕುಳಿತಿರಬಲ್ಲವನನ್ನು ಒಳಕ್ಕೆ ಕರೆಯುತ್ತದೆ.

2010ರಲ್ಲಿ ಯುನೆಸ್ಕೋ ಸಂಸ್ಥೆಯು ಫ್ರೆಂಚರ ಭೋಜನಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮನ್ನಣೆ ದೊರೆತುದು ಯಾವುದೋ ಒಂದು ಭಕ್ಷ್ಯಕ್ಕಲ್ಲ. ಒಳ್ಳೆಯ ಪದಾರ್ಥಗಳನ್ನು ಆರಿಸಿ ತರುವುದು, ಮೇಜನ್ನು ಅಣಿಗೊಳಿಸುವುದು, ಒಂದಾದ ಮೇಲೊಂದರಂತೆ ಕ್ರಮವಾಗಿ ಬಡಿಸುವುದು, ಬಂಧುಮಿತ್ರರು ಕೂಡಿ ಕುಳಿತು ಮಾತನಾಡುತ್ತ ಉಣ್ಣುವುದು, ಈ ಸಮಗ್ರ ಆಚಾರಕ್ಕೆ ಆ ಗೌರವವು ಸಂದಿತು. ಇಂಥ ಊಟವನ್ನೂ ಕಲೆಯನ್ನೂ ಬಯಲಿನ ವಿಹಾರವನ್ನೂ ಒಟ್ಟಿಗೆ ಬಯಸುವವರು ನಗರಗಳ ಪಟ್ಟಿಯನ್ನು ಬದಿಗಿಟ್ಟು ಒಂದೇ ಒಂದು ನದಿಯನ್ನು ಆರಿಸಿಕೊಳ್ಳುವುದು ಮೇಲು.

ಯಾವ ನದಿ?

ಫ್ರಾನ್ಸಿನ ನದಿಗಳಲ್ಲಿ ಅತ್ಯಂತ ಉದ್ದವಾದುದು ಲ್ವಾರ್. ಅದರ ಉದ್ದವು ಸಾವಿರ ಕಿಲೋಮೀಟರುಗಳಿಗೂ ಮಿಗಿಲು. ಸ್ಯುಲಿಯಿಂದ ಶಾಲೋನ್‌ವರೆಗಿನ ಅದರ ಕಣಿವೆಯನ್ನು 2000ದಲ್ಲಿ ವಿಶ್ವಪರಂಪರೆಯ ತಾಣವೆಂದು ಸಾರಲಾಯಿತು. ನದಿಯ ಜೊತೆಯಲ್ಲಿಯೇ ಸಮುದ್ರದವರೆಗೂ ಸುಮಾರು 900 ಕಿಲೋಮೀಟರುಗಳ ಬೈಸಿಕಲ್ ಮಾರ್ಗವೊಂದು ಸಾಗುತ್ತದೆ. ದಾರಿಯ ಬಹುಭಾಗವು ಸಮತಟ್ಟಾಗಿರುವುದರಿಂದ ನಡುವಯಸ್ಸಿನವರೂ ಮಕ್ಕಳೂ ಆಯಾಸವಿಲ್ಲದೆ ಹೋಗಬಹುದು. ಪ್ಯಾರಿಸಿನಿಂದ ಬ್ಲ್ವಾ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಅಲ್ಲಿ ಮೂರು ದಿನ, ಆಂಬ್ವಾಜ್ ಅಥವಾ ತೂರ್‌ನಲ್ಲಿ ನಾಲ್ಕು ದಿನ ತಂಗಿದರೆ ಒಂದು ವಾರವು ಸೊಗಸಾಗಿ ತುಂಬುತ್ತದೆ. ಬೈಸಿಕಲ್ಲುಗಳು ಬಾಡಿಗೆಗೆ ದೊರೆಯುತ್ತವೆ. ಸವಾರಿಯಾಗದ ಹಿರಿಯರು ಪಟ್ಟಣದಿಂದ ಪಟ್ಟಣಕ್ಕೆ ರೈಲಿನಲ್ಲಿ ಹೋಗಿ ಊಟದ ಹೊತ್ತಿಗೆ ಉಳಿದವರನ್ನು ಕೂಡಿಕೊಳ್ಳಬಹುದು.

ದಿನಚರಿಯ ಗುಟ್ಟು

ದಿನವನ್ನು ಊಟದ ಸುತ್ತ ಹೆಣೆಯುವುದರಲ್ಲಿ ಈ ಯೋಜನೆಯ ಗುಟ್ಟೆಲ್ಲ ಅಡಗಿದೆ. ಸಣ್ಣ ಊರುಗಳ ಭೋಜನಶಾಲೆಗಳಲ್ಲಿ ಮಧ್ಯಾಹ್ನದ ಊಟವು ಹನ್ನೆರಡರಿಂದ ಎರಡರವರೆಗೆ. ಆಮೇಲೆ ಅಡಿಗೆಮನೆಯ ಬಾಗಿಲು ಮುಚ್ಚಿದರೆ ರಾತ್ರಿ ಏಳರ ತನಕ ತೆರೆಯುವುದು ಅಪರೂಪ. ಈ ಗಡಿಯಾರವನ್ನು ಅರಿಯದೆ ಮೂರು ಗಂಟೆಗೆ ಹಸಿದು ಬಂದವನಿಗೆ ಒಣ ರೊಟ್ಟಿಯೇ ಗತಿ. ಬೆಳಗಿನ ತಂಪಿನಲ್ಲಿ ಸವಾರಿ, ನಡುಹಗಲು ಊಟ, ಇಳಿಹೊತ್ತಿಗೆ ಅರಮನೆಯ ದರ್ಶನ ಎಂಬ ಕ್ರಮವು ಎಲ್ಲ ರೀತಿಯಿಂದಲೂ ಹಿತಕರ. ಆ ದಿನದ ವಿಶೇಷವನ್ನೂ ಬೆಲೆಯನ್ನೂ ಹೊರಗೆ ಹಲಗೆಯ ಮೇಲೆ ಬರೆದಿರುತ್ತಾರೆ. ಮಧ್ಯಾಹ್ನದ ಗೊತ್ತಾದ ಬೆಲೆಯ ಊಟವು ರಾತ್ರಿಯದಕ್ಕಿಂತ ಸಾಮಾನ್ಯವಾಗಿ ಅಗ್ಗ. ಸೇವೆಯ ವೆಚ್ಚವು ಬೆಲೆಯಲ್ಲಿಯೇ ಸೇರಿರುತ್ತದೆ. ಹೂಜಿಯ ನೀರಿಗೆ ಹಣ ತೆರಬೇಕಾಗಿಲ್ಲ.

ಬ್ಲ್ವಾದಿಂದ ಹದಿನೈದಿಪ್ಪತ್ತು ಕಿಲೋಮೀಟರು ಸವಾರಿ ಮಾಡಿದರೆ ಶಾಂಬೋರ್. ದೊರೆ ಒಂದನೆಯ ಫ್ರಾನ್ಸಿಸನು 1519ರಲ್ಲಿ ಆರಂಭಿಸಿದ ಈ ಬೃಹದ್ಭವನದ ನಡುವೆ ಎರಡು ಸುರುಳಿಗಳ ಸೋಪಾನವುಂಟು. ಒಂದರಲ್ಲಿ ಏರುವವರಿಗೆ ಇನ್ನೊಂದರಲ್ಲಿ ಇಳಿಯುವವರು ಕಾಣುತ್ತಾರೆಯೇ ಹೊರತು ಎದುರಾಗುವುದಿಲ್ಲ. ಇಷ್ಟೆಲ್ಲ ಕಟ್ಟಿಸಿದ ದೊರೆಯು ಅಲ್ಲಿ ವಾಸಿಸಿದುದು ಕೆಲವೇ ವಾರಗಳು! ಆಂಬ್ವಾಜಿನಲ್ಲಿ ಅದೇ ದೊರೆಯ ಆಹ್ವಾನದ ಮೇಲೆ ಬಂದು ನೆಲೆಸಿದ ಲಿಯೊನಾರ್ಡೋ ಡ ವಿಂಚಿಯು 1519ರ ಮೇ 2ರಂದು ತೀರಿಕೊಂಡ ಮನೆಯಿದೆ. ಪ್ಯಾರಿಸಿನ ನೂಕುನುಗ್ಗಲಿನಲ್ಲಿ ಮೋನಾ ಲೀಸಾಳನ್ನು ಕ್ಷಣಕಾಲ ಕಂಡು ಬಂದವರಿಗೆ ಆ ಚಿತ್ರಕಾರನ ಕೊನೆಯ ದಿನಗಳು ಇಲ್ಲಿ ಹತ್ತಿರವಾಗುತ್ತವೆ. ಶೇರ್ ನದಿಗೆ ಅಡ್ಡಲಾಗಿ ಸೇತುವೆಯ ಮೇಲೆ ನಿಂತ ಶೆನೊನ್ಸೋ ಅರಮನೆಯ ನೀಳ ಪಡಸಾಲೆಯು ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಗಿತ್ತು. 1940ರಿಂದ 1942ರವರೆಗೆ ಆ ನದಿಯೇ ಜರ್ಮನರು ಆಕ್ರಮಿಸಿದ ಪ್ರದೇಶದ ಎಲ್ಲೆಯಾಗಿತ್ತು. ಪಡಸಾಲೆಯ ಆಚೆಯ ಬಾಗಿಲು ಸ್ವತಂತ್ರ ವಲಯಕ್ಕೆ ತೆರೆಯುತ್ತಿತ್ತು.

ಶಾಕಾಹಾರಿಯ ಚಿಂತೆ

ನಮ್ಮ ಅನೇಕ ಮನೆಗಳಲ್ಲಿ ಫ್ರಾನ್ಸಿನ ಮಾತು ಬಂದೊಡನೆ ಏಳುವ ಪ್ರಶ್ನೆ, “ಅಮ್ಮ ಅಲ್ಲಿ ಏನನ್ನು ಉಣ್ಣುತ್ತಾರೆ?” ಎಂಬುದು. ಪ್ರಶ್ನೆ ನ್ಯಾಯವಾದುದೇ. ಈರುಳ್ಳಿಯ ಸೂಪು ಹೆಸರಿಗೆ ಸಸ್ಯಾಹಾರವಾದರೂ ಸಾಮಾನ್ಯವಾಗಿ ಮಾಂಸದ ಕಟ್ಟಿನಲ್ಲಿ ಮಾಡಿದ್ದು. ಹಸಿರು ಸಲಾಡಿನೊಳಗೆ ಹಂದಿಮಾಂಸದ ಚೂರುಗಳು ಅಡಗಿರಬಹುದು. ಅನೇಕ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ದ್ರವ್ಯವನ್ನು ಬಳಸುತ್ತಾರೆ. ಆದುದರಿಂದ “ಸಸ್ಯಾಹಾರಿ” ಎಂದಷ್ಟೇ ಹೇಳದೆ “ಸಾಂ ವ್ಯಾಂದ್, ಸಾಂ ಪ್ವಾಸೋಂ”, ಅಂದರೆ “ಮಾಂಸವಿಲ್ಲದೆ, ಮೀನಿಲ್ಲದೆ” ಎಂದು ಬಿಡಿಸಿ ಹೇಳಬೇಕು. ಮೊಟ್ಟೆಯೂ ಬೇಡವಾದರೆ ಅದನ್ನೂ ಕಾಗದದ ಮೇಲೆ ಬರೆದುಕೊಂಡು ಹೋಗುವುದು ಕ್ಷೇಮ.

ಇಷ್ಟು ಎಚ್ಚರದಿಂದಿದ್ದರೆ ಹಸಿವಿನ ಭಯವಿಲ್ಲ. ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟರಿಂದಲೇ ಆಗುವ ಬ್ಯಾಗೆಟ್ ರೊಟ್ಟಿಯ ಕಸುಬಿಗೂ 2022ರಲ್ಲಿ ಯುನೆಸ್ಕೋ ಮನ್ನಣೆ ದೊರೆತಿದೆ. ಸೋಮ್ಯೂರಿನ ಸುತ್ತಲಿನ ಸುಣ್ಣಕಲ್ಲಿನ ಗುಹೆಗಳಲ್ಲಿ ಅಣಬೆ ಬೆಳೆಯುತ್ತಾರೆ. ಅಲ್ಲಿಯೇ ಕೆಲವು ಗುಹಾಭೋಜನಶಾಲೆಗಳಲ್ಲಿ ಸೌದೆಯ ಒಲೆಯಿಂದ ಪೂರಿಯಂತೆ ಉಬ್ಬಿ ಬರುವ ‘ಫುವೇ’ ಎಂಬ ರೊಟ್ಟಿಯನ್ನು ಸೀಳಿ, ಬೆಣ್ಣೆಯನ್ನೋ ಬೇಯಿಸಿದ ಹುರುಳಿಕಾಯಿಯ ಬಿಳಿ ಬೀಜಗಳನ್ನೋ ತುಂಬಿ ತಿನ್ನುವುದುಂಟು. ಬೀಜಗಳನ್ನು ಯಾವುದರಲ್ಲಿ ಬೇಯಿಸಿದರೆಂದು ಕೇಳುವುದನ್ನು ಮಾತ್ರ ಮರೆಯಬಾರದು. ವಿಲ್ಲಾಂದ್ರಿ ಅರಮನೆಯ ಉದ್ಯಾನದಲ್ಲಿ ಕೋಸು, ಕುಂಬಳ, ಬೀಟ್‌ರೂಟುಗಳನ್ನು ಒಂಬತ್ತು ಚೌಕಗಳಲ್ಲಿ ರಂಗವಲ್ಲಿಯಂತೆ ನೆಟ್ಟಿದ್ದಾರೆ. ತರಕಾರಿಗೆ ಇಷ್ಟು ಮರ್ಯಾದೆ ಕೊಟ್ಟ ನಾಡಿನಲ್ಲಿ ಶಾಕಾಹಾರಿಯು ಅನಾಥನಲ್ಲ!

ಹೊರಡುವ ಮುನ್ನ

ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಪ್ರಶಸ್ತ. ಜುಲೈ ಆಗಸ್ಟುಗಳಲ್ಲಿ ಜನಸಂದಣಿಯೂ ಬಿಸಿಲೂ ಹೆಚ್ಚು. ಸೆಪ್ಟೆಂಬರಿನ ಮೂರನೆಯ ವಾರಾಂತ್ಯದಲ್ಲಿ ನಡೆಯುವ ಪರಂಪರೆಯ ದಿನಗಳಲ್ಲಿ ಎಂದಿನ ದಿನ ಮುಚ್ಚಿರುವ ಕಟ್ಟಡಗಳೂ ತೆರೆಯುತ್ತವೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಹನ್ನೆರಡು ವರ್ಷ ತುಂಬದ ಮಕ್ಕಳು ಬೈಸಿಕಲ್ಲಿನ ಮೇಲೆ ಶಿರಸ್ತ್ರಾಣ ಧರಿಸಲೇಬೇಕೆಂಬುದು 2017ರಿಂದ ಅಲ್ಲಿಯ ಕಾನೂನು. ವಾಹನಗಳು ಬಲಗಡೆಯಲ್ಲಿ ಚಲಿಸುವುದರಿಂದ ಮೊದಲ ದಿನ ವಿಶೇಷ ಎಚ್ಚರ ಬೇಕು. ಲ್ವಾರ್ ನದಿಯು ನೋಟಕ್ಕೆ ಶಾಂತವಾಗಿದ್ದರೂ ಸರಿಯುವ ಮರಳೂ ಸೆಳೆತವೂ ಅಪಾಯಕಾರಿ. ಅದರಲ್ಲಿ ಈಜುವ ಆಸೆಯನ್ನು ತೊರೆದು, ಚಪ್ಪಟೆ ತಳದ ದೋಣಿಯಲ್ಲಿ ವಿಹರಿಸುವುದೇ ವಿವೇಕ. ಅಂಗಡಿಯ ಹೊಸ್ತಿಲು ದಾಟಿದೊಡನೆ “ಬೋಂಜೂರ್” ಎಂದು ವಂದಿಸುವುದನ್ನು ಮಾತ್ರ ಯಾರೂ ಮರೆಯಲಾಗದು. ಆ ಒಂದು ನುಡಿಯಿಲ್ಲದೆ ಕೇಳಿದ ಬೆಲೆಯೂ ಅಲ್ಲಿ ಒರಟಾಗಿ ಕೇಳಿಸುತ್ತದೆ.

ಒಂದು ವಾರದಲ್ಲಿ ಒಂದೇ ನದಿಯನ್ನು ಕಂಡು ಮರಳಿದರೆ, ಅನೇಕ ಪ್ರಸಿದ್ಧ ನಗರಗಳು ಬಿಟ್ಟುಹೋದುವೆಂದು ನೆರೆಹೊರೆಯವರು ಹೇಳಬಹುದು. ಆದರೆ ದಿನವೂ ಮಧ್ಯಾಹ್ನ ತಂದೆತಾಯಿ ಮಕ್ಕಳು ಅವಸರವಿಲ್ಲದೆ ಒಂದೇ ಮೇಜಿನ ಸುತ್ತ ಕುಳಿತು ಉಂಡ ಆ ಎರಡು ಗಂಟೆಗಳು, ಊರಿನಲ್ಲಿ ಕಚೇರಿ ಶಾಲೆಗಳ ನಡುವೆ ಎಷ್ಟು ಮನೆಗಳಿಗೆ ದೊರೆಯುತ್ತವೆ?