ಹೊಲದಿಂದ ಬಂದ ಕರೆ

ಶಹಾಪುರದ ಬೆಟ್ಟವು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದೆಂಬುದನ್ನು ಆ ದಾರಿಯಲ್ಲಿ ಸಾಗಿದವರೆಲ್ಲ ಬಲ್ಲರು. ಆದರೆ ಆ ಬೆಟ್ಟದ ಸುತ್ತಲಿನ ಸೀಮೆಯಲ್ಲಿ ರೈತನಾದವನಿಗೆ ಮಲಗುವ ಭಾಗ್ಯವು ಅಷ್ಟು ಸುಲಭವಾಗಿ ದೊರೆಯದು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕಾಲುವೆಯ ನೀರು ತಲುಪದ ಹೊಲಗಳಿಗೆ ಕೊಳವೆ ಬಾವಿಯೇ ಆಧಾರ. ಕೊಳವೆ ಬಾವಿಗೆ ಮೂರು ಫೇಸಿನ ವಿದ್ಯುತ್ತೇ ಆಧಾರ. ಆ ವಿದ್ಯುತ್ತಾದರೋ ಪಾಳಿಯ ಮೇಲೆ ಬರುವಂಥದು. ಎಷ್ಟೋ ಸಲ ಅದು ಊರೆಲ್ಲ ನಿದ್ರಿಸುವ ಹೊತ್ತಿಗೆ ಬರುತ್ತದೆ.

ಆಗ ರೈತನು ಕೈಯಲ್ಲೊಂದು ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯಬೇಕು. ಹುಲ್ಲಿನಲ್ಲಿ ಹಾವು ಇದ್ದೀತು. ಒದ್ದೆಯ ಕೈ ಸ್ಟಾರ್ಟರಿನ ಪೆಟ್ಟಿಗೆಗೆ ತಗುಲೀತು. ಇಷ್ಟೆಲ್ಲ ದಾಟಿ ಹೋದ ಮೇಲೆ ಕರೆಂಟೇ ಇಲ್ಲವೆಂದು ತಿಳಿದು ಮರಳಿ ಬರುವುದೂ ಉಂಟು. ಒಂದು ಗುಂಡಿ ಒತ್ತುವುದಕ್ಕಾಗಿ ಪ್ರಾಣವನ್ನು ಪಣಕ್ಕಿಡುವ ಈ ನಡಿಗೆಯನ್ನು ತಪ್ಪಿಸಲು ಸಾಧ್ಯವಿಲ್ಲವೇ?

ಸಾಧ್ಯವೆಂದು ಮೊದಲು ಯೋಚಿಸಿದವರಲ್ಲಿ ಪುಣೆಯ ಇಂಜಿನಿಯರ್ ಸಂತೋಷ್ ಓಸ್ತವಾಲ್ ಒಬ್ಬರು. ಮುಪ್ಪಿನಲ್ಲಿದ್ದ ಅಜ್ಜನು ಪಂಪು ಚಾಲೂ ಮಾಡಲು ರಾತ್ರಿ ಹೊತ್ತು ನಡೆದು ಹೋಗುತ್ತಿದ್ದುದನ್ನು ಕಂಡು ಅವರ ಮನಸ್ಸು ಮರುಗಿತು. ಮೊಬೈಲ್ ದೂರವಾಣಿಯಿಂದಲೇ ಮೋಟಾರನ್ನು ನಡೆಸಿ ನಿಲ್ಲಿಸುವ ಅವರ ‘ನ್ಯಾನೋ ಗಣೇಶ್’ ಎಂಬ ಉಪಕರಣವು 2009ರಲ್ಲಿ ನೋಕಿಯಾ ಸಂಸ್ಥೆಯ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಅಂಥ ಉಪಕರಣದ ಹೃದಯವನ್ನು ಇಂದು ಇಂಜಿನಿಯರಿಂಗ್ ಓದುವ ಹುಡುಗರೂ ಮೇಜಿನ ಮೇಲೆ ಜೋಡಿಸಬಲ್ಲರು.

ಮೂವರು ಸೇವಕರು

ಈ ಜೋಡಣೆಯಲ್ಲಿ ಮುಖ್ಯವಾದ ಅಂಗಗಳು ಮೂರು. ಮೊದಲನೆಯದು ಮೈಕ್ರೋಕಂಟ್ರೋಲರ್, ಎಂದರೆ ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಗಣಕ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ಹುಟ್ಟಿದ ಆರ್ಡುಯಿನೋ ಹಲಗೆಗಳು ಇದನ್ನು ವಿದ್ಯಾರ್ಥಿಗಳ ಕೈಗೆಟುಕಿಸಿದವು. ಆರ್ಡುಯಿನೋ ಊನೋ ಹಲಗೆಯಲ್ಲಿ ಕಾರ್ಯಕ್ರಮವನ್ನು ಬರೆದಿಡಲು ಇರುವ ಸ್ಥಳ ಬರಿಯ 32 ಕಿಲೋಬೈಟು. ಲೆಕ್ಕದ ನಡುವೆ ನೆನಪಿಟ್ಟುಕೊಳ್ಳಲು ಇರುವುದು 2 ಕಿಲೋಬೈಟು. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅಲ್ಲಿ ಹಿಡಿಯಲಾರದು. ಆದರೂ ಒಂದು ಪಂಪನ್ನು ಕಾಯಲು ಅಷ್ಟು ಬುದ್ಧಿ ಧಾರಾಳವಾಗಿ ಸಾಕು.

ಎರಡನೆಯದು ಮೋಡೆಮ್. ಇದರೊಳಗೆ ಸಿಮ್ ಕಾರ್ಡು ಕೂರುತ್ತದೆ. ಪರದೆಯಿಲ್ಲದ, ಗುಂಡಿಗಳಿಲ್ಲದ ಮೊಬೈಲ್ ಫೋನು ಎಂದೇ ಇದನ್ನು ತಿಳಿಯಬಹುದು. ಮೂರನೆಯದು ರಿಲೇ. ಚಿಪ್ಪಿನ ಐದು ವೋಲ್ಟಿನ ಕ್ಷೀಣ ಆಜ್ಞೆಯನ್ನು ನಾನೂರು ವೋಲ್ಟಿನ ಸ್ಟಾರ್ಟರಿಗೆ ದಾಟಿಸಿಯೂ, ಎರಡನ್ನೂ ಒಂದಕ್ಕೊಂದು ಸೋಕದಂತೆ ದೂರವಿರಿಸುವುದು ಇದರ ಕೆಲಸ.

ಅರ್ಧವಿರಾಮದ ಮಹಿಮೆ

ಚಿಪ್ಪು ಮೋಡೆಮಿನೊಡನೆ ಮಾತನಾಡುವ ಭಾಷೆಗೂ ಒಂದು ಇತಿಹಾಸವಿದೆ. 1981ರಲ್ಲಿ ಅಮೆರಿಕದ ಹೇಯ್ಸ್ ಸಂಸ್ಥೆಯು ತನ್ನ ಮೋಡೆಮಿಗಾಗಿ ಕೆಲವು ಚಿಕ್ಕ ಆಜ್ಞೆಗಳನ್ನು ರೂಪಿಸಿತು. ಪ್ರತಿಯೊಂದೂ ‘ಎ.ಟಿ.’ ಎಂಬ ಎರಡು ಅಕ್ಷರಗಳಿಂದ ಮೊದಲಾಗುತ್ತದೆ. ‘ಗಮನವಿಡು’ ಎಂಬುದರ ಸಂಕ್ಷೇಪ ಅದು. ತಂತಿಯ ದೂರವಾಣಿಗಾಗಿ ಹುಟ್ಟಿದ ಆ ಭಾಷೆಯನ್ನೇ ನಾಲ್ಕು ದಶಕಗಳಾಚೆಯ ಸೆಲ್ಯುಲರ್ ಮೋಡೆಮುಗಳೂ ಕೇಳುತ್ತಿವೆ.

ಚಿಪ್ಪು ಮೊದಲು ಬರಿದೇ ‘ಎ.ಟಿ.’ ಎನ್ನುತ್ತದೆ, ಮೋಡೆಮು ‘ಓಕೆ’ ಎಂದು ಉತ್ತರಿಸುತ್ತದೆ. ಸಿಮ್ ಸಿದ್ಧವಿದೆಯೇ, ಜಾಲವು ತನ್ನನ್ನು ಒಪ್ಪಿಕೊಂಡಿದೆಯೇ, ಸಿಗ್ನಲಿನ ಬಲವೆಷ್ಟು ಎಂದು ಒಂದೊಂದಾಗಿ ವಿಚಾರಿಸುತ್ತದೆ. ಬಳಿಕ ‘ಎ.ಟಿ.ಡಿ.’ ಎಂದು, ರೈತನ ಸಂಖ್ಯೆಯನ್ನು ಹೇಳಿ, ಕೊನೆಗೊಂದು ಅರ್ಧವಿರಾಮ ಚಿಹ್ನೆಯನ್ನು ಇಡುತ್ತದೆ. ‘ಇದು ಮನುಷ್ಯರ ಮಾತಿನ ಕರೆ’ ಎಂದು ಮೋಡೆಮಿಗೆ ತಿಳಿಸುವುದು ಆ ಚಿಹ್ನೆಯೇ. ಅದನ್ನು ಮರೆತರೆ ಮೋಡೆಮು ಆಚೆಯಲ್ಲಿ ಇನ್ನೊಂದು ಗಣಕವಿದೆಯೆಂದು ಭಾವಿಸಿ ದತ್ತಾಂಶದ ಕರೆಗೆ ಯತ್ನಿಸುತ್ತದೆ. ಎಲ್ಲ ಸರಿಯಿದ್ದೂ ಕರೆ ಹೋಗದೆ ತಲೆ ಕೆರೆದುಕೊಳ್ಳುವ ಹೊಸಬರು ಮೊದಲು ನೋಡಬೇಕಾದ ಜಾಗವಿದು. ಮಾತು ಮುಗಿದ ಮೇಲೆ ‘ಎ.ಟಿ.ಎಚ್.’ ಎಂದರೆ ಕರೆ ಕಡಿಯುತ್ತದೆ.

ಸಂದೇಶವೇಕೆ ಸಾಲದು?

ಕರೆಯ ಗೊಡವೆಯೇಕೆ, ಅಕ್ಷರದ ಸಂದೇಶ ಕಳುಹಿಸಿದರೆ ಸಾಲದೇ ಎಂದು ಪಟ್ಟಣದ ವಾಚಕರು ಕೇಳಬಹುದು. ಅದಕ್ಕೆ ಉತ್ತರವು 2011ರ ಜನಗಣತಿಯಲ್ಲಿದೆ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರಿನಲ್ಲಿ ಜಿಲ್ಲೆಯಾದ ಯಾದಗಿರಿಯಲ್ಲಿ ಆಗ ಸಾಕ್ಷರರು ನೂರಕ್ಕೆ ಸುಮಾರು 52 ಮಂದಿ. ಇಡೀ ಕರ್ನಾಟಕದಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ. ಓದಲು ಬಾರದವನಿಗೆ ಸಂದೇಶವು ಮುಚ್ಚಿದ ಲಕೋಟೆಯಂತೆ. ಮೇಲಾಗಿ, ಸಂದೇಶದ ಸದ್ದಿಗೆ ದಣಿದು ಮಲಗಿದವನು ಏಳುವುದಿಲ್ಲ. ಕರೆಯ ಗಂಟೆಗೆ ಏಳುತ್ತಾನೆ.

ಆದುದರಿಂದ ಕಾರ್ಯಕ್ರಮ ಬರೆಯುವವನು ಮೋಡೆಮಿಗೆ ಧ್ವನಿಯನ್ನು ನುಡಿಸುವ ಇನ್ನೊಂದು ಚಿಕ್ಕ ಹಲಗೆಯನ್ನು ಜೋಡಿಸುತ್ತಾನೆ. ಅದರಲ್ಲಿ ಗ್ರಂಥಭಾಷೆ ಸಲ್ಲದು. ಆ ಸೀಮೆಯ ಮನೆಮಾತೇ ಇರಬೇಕು: ‘ಕರೆಂಟ್ ಬಂದದ್ರಿ. ಮೋಟರ್ ಚಾಲೂ ಮಾಡ್ಬೇಕಂದ್ರ ಒಂದು ಒತ್ರಿ.’ ರೈತನು ಒಂದನ್ನು ಒತ್ತಿದೊಡನೆ 697 ಹಾಗೂ 1209 ಹರ್ಟ್ಸಿನ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಮೋಡೆಮು ಆ ಜೋಡಿ ಸ್ವರವನ್ನು ಗುರುತಿಸಿ ಚಿಪ್ಪಿಗೆ ತಿಳಿಸುತ್ತದೆ. ರಿಲೇ ಸ್ಟಾರ್ಟರನ್ನು ಎಳೆಯುತ್ತದೆ.

ಇಲ್ಲಿಗೇ ಕೆಲಸ ಮುಗಿಯಿತೆನ್ನುವುದು ಎಳಸುತನ. ಆಜ್ಞೆ ಕೊಟ್ಟೆನೆಂಬುದು ಬೇರೆ, ಮೋಟಾರು ತಿರುಗಿತೆಂಬುದು ಬೇರೆ. ಬಲ್ಲವರು ಮೋಟಾರಿನ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿದೆಯೇ ಎಂದು ಅಳೆದು ನೋಡಿದ ಮೇಲೆಯೇ ‘ಚಾಲೂ ಆಯ್ತ್ರಿ’ ಎಂದು ಹೇಳಿಸುತ್ತಾರೆ. ಮೂರು ಫೇಸುಗಳಲ್ಲಿ ಒಂದು ತಪ್ಪಿದರೂ, ಬಾವಿಯಲ್ಲಿ ನೀರು ಬತ್ತಿದರೂ ಮೋಟಾರನ್ನು ಕೂಡಲೆ ನಿಲ್ಲಿಸಿ ಮತ್ತೆ ಕರೆಯುವಂತೆ ಮಾಡುತ್ತಾರೆ. ಕರೆಗೆ ಉತ್ತರ ಬಾರದಿದ್ದರೆ ಕೆಲವು ನಿಮಿಷ ತಡೆದು ಮತ್ತೊಮ್ಮೆ, ಮೂರು ಸಲವಾದರೆ ಮನೆಯ ಇನ್ನೊಬ್ಬರ ಸಂಖ್ಯೆಗೆ. ಇಂತಹ ಮಿತಿಯಿಲ್ಲದೆ ಬರೆದರೆ ಯಂತ್ರವು ಬೆಳಗಿನವರೆಗೂ ಕರೆಯುತ್ತಲೇ ಇದ್ದೀತು!

ಎಚ್ಚರಿಕೆಯ ಮಾತು

ಸಣ್ಣ ಸಂಗತಿಗಳೇ ಇಲ್ಲಿ ದೊಡ್ಡ ತೊಂದರೆ ಕೊಡುತ್ತವೆ. ಸಿಮ್ 800 ಜಾತಿಯ ಮೋಡೆಮು ಜಾಲವನ್ನು ಸಂಪರ್ಕಿಸುವ ಗಳಿಗೆಯಲ್ಲಿ ಕ್ಷಣಮಾತ್ರ 2 ಆಂಪಿಯರಿನಷ್ಟು ವಿದ್ಯುತ್ತನ್ನು ಸೆಳೆಯುತ್ತದೆ. ತೆಳುವಾದ ತಂತಿಯಲ್ಲಿ ಅಷ್ಟು ಹರಿಯದೆ ಮೋಡೆಮು ಕರೆಯ ನಡುವೆಯೇ ಮೂರ್ಛೆ ಹೋಗುತ್ತದೆ. ತಪ್ಪು ಕಾರ್ಯಕ್ರಮದಲ್ಲಿದೆಯೆಂದು ದಿನಗಟ್ಟಲೆ ಹುಡುಕಿದವರಿಗೆ ಕೊನೆಗೆ ದೋಷ ಕಾಣುವುದು ಬ್ಯಾಟರಿಯಲ್ಲಿ. ಕರೆಂಟು ಹೋದ ಸುದ್ದಿಯನ್ನು ಹೇಳಬೇಕಾದರೂ ಯಂತ್ರಕ್ಕೆ ಸ್ವಂತದ್ದೊಂದು ಬ್ಯಾಟರಿ ಬೇಕೇ ಬೇಕು.

ಹೊರಗಿನಿಂದ ಬಂದ ಕರೆಯ ಸಂಖ್ಯೆಯನ್ನಷ್ಟೇ ನೋಡಿ ನಂಬುವುದೂ ಕೂಡದು. ಸಂಖ್ಯೆಯನ್ನು ಮರೆಮಾಚಿ ಕರೆಯುವ ವಂಚಕರಿದ್ದಾರೆ. ಅಂಥ ಕರೆಯನ್ನು ಕಡಿದು, ತನ್ನ ನೆನಪಿನಲ್ಲಿರುವ ಸಂಖ್ಯೆಗೆ ತಾನೇ ತಿರುಗಿ ಕರೆ ಮಾಡುವುದು ಲೇಸು. ಸಿಮ್ 800 ಎರಡನೆಯ ತಲೆಮಾರಿನ ಜಾಲವನ್ನಷ್ಟೇ ಬಲ್ಲುದು; 2016ರಲ್ಲಿ ಆರಂಭವಾದ ಜಿಯೋದಂತಹ ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಅದು ಮೂಕ. ಸಿಮ್ಮಿಗೆ ಕಾಲಕಾಲಕ್ಕೆ ರೀಚಾರ್ಜು ಮಾಡಿಸುವ ಖರ್ಚೂ ಉಂಟು. ಕರೆ ಹಾಗೂ ಸಂದೇಶಗಳಿಗಷ್ಟೇ ಮೀಸಲಾದ ರೀಚಾರ್ಜುಗಳನ್ನು ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ವಿಧಿಸಿದ ನಿಯಮವು ಅಂತರ್ಜಾಲ ಬೇಡದ ಇಂಥ ಯಂತ್ರಗಳಿಗೂ ಸಲ್ಲುವಂಥದು.

ನೀರಿನ ಲೆಕ್ಕ

ಇಷ್ಟು ಕಷ್ಟವೇಕೆ, ಕರೆಂಟು ಬಂದೊಡನೆ ಮೋಟಾರು ತಾನಾಗಿ ಹೊರಡುವ ಆಟೋ ಸ್ವಿಚ್ಚು ಅಗ್ಗವಾಗಿಯೇ ಸಿಗುವುದಲ್ಲ ಎಂಬುವರಿದ್ದಾರೆ. ಸಿಗುವುದೇನೋ ನಿಜ. ಆದರೆ ಎಲ್ಲರ ಮೋಟಾರುಗಳೂ ಒಂದೇ ಗಳಿಗೆಯಲ್ಲಿ ಎದ್ದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬಿದ್ದು ಅದು ಸುಟ್ಟುಹೋಗುವ ಭಯವಿದೆ. ಹೊಲಕ್ಕೆ ಬೇಕಿರಲಿ ಬೇಡವಾಗಲಿ ನೀರು ಹರಿದು, ಅಂತರ್ಜಲವು ವ್ಯರ್ಥವಾಗುತ್ತದೆ. ಕೇಳಿ ನಡೆಸುವ ಯಂತ್ರಕ್ಕೂ ಕೇಳದೆ ನಡೆಯುವ ಯಂತ್ರಕ್ಕೂ ಇರುವ ಅಂತರವೇ ಇದು.

ಕಾಲುವೆಯ ನೀರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕೃಷ್ಣೆಯ ಬಸವಸಾಗರ ಜಲಾಶಯದಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ ಹಾಗೂ ಆಧುನೀಕರಣದ ಯೋಜನೆಯು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟನೆಗೊಂಡಿತು. ಸುಮಾರು 4,700 ಕೋಟಿ ರೂಪಾಯಿಗಳ ಈ ಯೋಜನೆಯ ಕಾಲುವೆಗೆ 10,000 ಕ್ಯೂಸೆಕ್ಸ್ ಹರಿವಿನ ಸಾಮರ್ಥ್ಯವಿದ್ದು, ಅದು ನೀರುಣಿಸಬಲ್ಲ ಭೂಮಿ ನಾಲ್ಕೂವರೆ ಲಕ್ಷ ಹೆಕ್ಟೇರು. ಅಲ್ಲಿಯೂ ಗೇಟುಗಳನ್ನು ದೂರದಿಂದಲೇ ಅಳೆದು ತೆರೆಯುವ ಯಂತ್ರವ್ಯವಸ್ಥೆ ಬಂದಿದೆ. ಕಾಲುವೆಯ ತಲೆಯಲ್ಲಿರುವವನು ಹೆಚ್ಚು ಸೆಳೆದರೆ ಕೊನೆಯಲ್ಲಿರುವವನ ಭತ್ತ ಒಣಗುವುದೆಂಬ ಹಳೆಯ ಜಗಳಕ್ಕೆ, ಯಾರಿಗೆಷ್ಟು ಹೋಯಿತೆಂಬ ಲೆಕ್ಕವಾದರೂ ಇದರಿಂದ ದೊರೆಯಬೇಕು.

ಲೆಕ್ಕ ಒಪ್ಪಿಸುವುದು ಯಂತ್ರದಿಂದ ಆದೀತು. ಹಂಚಿ ಉಣ್ಣುವುದು ಮನುಷ್ಯನಿಂದಲೇ ಆಗಬೇಕು. ಹೊಲದ ಪೆಟ್ಟಿಗೆಯು ನಡುರಾತ್ರಿಯಲ್ಲಿ ‘ಮೋಟರ್ ಚಾಲೂ ಮಾಡ್ಲೇನ್ರಿ?’ ಎಂದು ಕೇಳುವಾಗ, ಇಂದು ಬೇಡವೆನ್ನುವ ಹಕ್ಕೂ ಹೊಲದ ಒಡೆಯನದೇ. ಆ ಹಕ್ಕನ್ನು ಹಾಸಿಗೆಯಲ್ಲಿದ್ದೇ, ಹಾವಿನ ಭಯವಿಲ್ಲದೆ ಚಲಾಯಿಸಲು ಬಂದರೆ ಆ 32 ಕಿಲೋಬೈಟುಗಳು ಸಾರ್ಥಕವಾದುವೆಂದೇ ಹೇಳಬೇಕು.