ಏರಿನಲ್ಲಿ ಕೈಕೊಡುವ ಕ್ಲಚ್

ಹಳೆಯ ಜಾವಾ ಗಾಡಿಯ ಆರೋಗ್ಯ ತಿಳಿಯಬೇಕಾದರೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿಸಿ ನೋಡಬೇಕು. ಸಪಾಟು ರಸ್ತೆಯಲ್ಲಿ ಏನೂ ತೋರಿಸಿಕೊಳ್ಳದ ಗಾಡಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ತನ್ನ ನೋವು ಹೇಳಿಕೊಳ್ಳುತ್ತದೆ. ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ನಿನ ಸದ್ದು ಜೋರಾಗುತ್ತದೆ, ವೇಗ ಮಾತ್ರ ಇದ್ದಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಗ್ಯಾರೇಜಿನವರು ಇದಕ್ಕೆ ‘ಕ್ಲಚ್ ಸ್ಲಿಪ್’ ಎನ್ನುತ್ತಾರೆ. ಎಂಜಿನ್ ದುಡಿದ ದುಡಿಮೆ ಚಕ್ರಕ್ಕೆ ತಲುಪದೆ ನಡುದಾರಿಯಲ್ಲೇ ಬಿಸಿಯಾಗಿ ಸೋರಿಹೋಗುತ್ತಿದೆ ಎಂದು ಅದರರ್ಥ.

ಮೈಸೂರಿಗೂ ಈ ಗಾಡಿಗೂ ಇರುವ ನಂಟು ಹಳೆಯದು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1960ರ ದಶಕದ ಆರಂಭದಲ್ಲಿ ಇಲ್ಲಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆಮೇಲೂ ಆ ಗಾಡಿಗಳು ಓಡುತ್ತಲೇ ಇವೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನದ ನೆಪದಲ್ಲಿ ಅವು ಸಾಲುಗಟ್ಟಿ ಬೀದಿಗಿಳಿಯುತ್ತವೆ. ಕಾರ್ಖಾನೆ ಇಲ್ಲದ ಮೇಲೂ ಅವು ಬದುಕಿರುವುದು ರಿಪೇರಿಯ ಕೈಗಳಿಂದ. ಆ ಕೈಗಳ ಕಸುಬು ಎಂಥದ್ದೆಂದು ನೋಡಲು ಸವೆದ ಕ್ಲಚ್ಚಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ತಟ್ಟೆಗಳ ಅಪ್ಪುಗೆ

ಕ್ಲಚ್ ಎಂದರೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಅಡಕಲು. ಒಂದು ಉಕ್ಕಿನ ಪ್ಲೇಟ್, ಅದರ ಪಕ್ಕ ಕಾರ್ಕ್ ಕೂರಿಸಿದ ಪ್ಲೇಟ್, ಮತ್ತೆ ಉಕ್ಕು, ಮತ್ತೆ ಕಾರ್ಕ್. ಒಂದು ಬಗೆಯವು ಎಂಜಿನ್ ಕಡೆಯ ಡ್ರಮ್ಮಿನ ಜೊತೆ ಸುತ್ತಿದರೆ, ಇನ್ನೊಂದು ಬಗೆಯವು ಗೇರ್‌ಬಾಕ್ಸಿಗೆ ಹೋಗುವ ಹಬ್ಬನ್ನು ಹಿಡಿದಿರುತ್ತವೆ. ಸ್ಪ್ರಿಂಗುಗಳು ಇವನ್ನೆಲ್ಲ ಒತ್ತಿ ಹಿಡಿದಾಗ ಇಡೀ ಅಡಕಲು ಒಂದೇ ಆಗಿ ತಿರುಗುತ್ತದೆ. ಎಡಗೈಯ ಲಿವರ್ ಒತ್ತಿದರೆ ಪುಶ್‌ರಾಡ್ ಪ್ರೆಷರ್ ಪ್ಲೇಟನ್ನು ದೂಡಿ ಆ ಹಿಡಿತ ಬಿಡಿಸುತ್ತದೆ.

ಜಾವಾದ ಕ್ಲಚ್ಚಿಗೆ ತನ್ನದೇ ಒಂದು ಜಾಣ್ಮೆ ಇದೆ. ಅದರ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಬದಲಿಸಲು ಕಾಲಿನಿಂದ ಅದನ್ನು ಅದುಮಿದಾಗ ಒಳಗಿನ ಕ್ಯಾಮ್ ತಾನಾಗಿ ಕ್ಲಚ್ ಬಿಡಿಸುತ್ತದೆ. ಹಾಗಾಗಿ ಗಾಡಿ ಹೊರಡಿಸುವಾಗಲೂ ನಿಲ್ಲಿಸುವಾಗಲೂ ಕೈಲಿವರ್ ಬೇಕು, ಓಡುವಾಗ ಕಾಲೊಂದೇ ಸಾಕು. ಕೈಗೂ ಕಾಲಿಗೂ ಒಂದೇ ಕ್ಲಚ್ ಉತ್ತರ ಕೊಡಬೇಕಾದ್ದರಿಂದ ಇದರ ಹೊಂದಾಣಿಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸವಾರನಿಗೆ ತಿಳಿಯುತ್ತದೆ.

ಬಿಚ್ಚುವ ಮುನ್ನ

ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ. ಗಾಡಿ ಏರಿ ಒಂದು ಸುತ್ತು ಹೋಗಿಬರುತ್ತಾನೆ. ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಕೊಡುತ್ತಾನೆ. ಸದ್ದು ಹಾರಿ ವೇಗ ಹಿಂದುಳಿದರೆ ತಪ್ಪು ಕ್ಲಚ್ಚಿನದು. ಸದ್ದೂ ಏಳದೆ, ವೇಗವೂ ಬಾರದೆ ಗಾಡಿ ಏದುಸಿರು ಬಿಟ್ಟರೆ ಅದು ಬೇರೆ ಕಾಯಿಲೆ. ಎರಡು ಸ್ಟ್ರೋಕಿನ ಈ ಎಂಜಿನ್ನಿನಲ್ಲಿ ಪೆಟ್ರೋಲ್ ಜೊತೆ ಆಯಿಲೂ ಉರಿಯುವುದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟಿ ಉಸಿರು ಕಟ್ಟುವುದುಂಟು. ಈ ಎರಡನ್ನು ಬೇರೆ ಮಾಡಿ ನೋಡದೆ ಕ್ಲಚ್ ಬಿಚ್ಚಿದರೆ ಹಣವೂ ಹೋಯಿತು, ಕಾಯಿಲೆಯೂ ಉಳಿಯಿತು.

ಕ್ಲಚ್ ಜಾರುವುದು ಒಂದು ದೋಷವಾದರೆ ಬಿಡದೆ ಅಂಟಿಕೊಳ್ಳುವುದು ಇನ್ನೊಂದು. ಲಿವರ್ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ತೆವಳುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ, ಮೊದಲ ಗೇರು ಬೀಳುವಾಗ ‘ಖಟ್’ ಎಂದು ಒದೆಯುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗೇರಿಗೆ ಹಾಕಿ, ಲಿವರ್ ಒತ್ತಿ ಹಿಡಿದು ಹಿಂದೆ ಮುಂದೆ ತಳ್ಳಿದರೆ ಎಷ್ಟೋ ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತವೆ.

ಆಮೇಲಿನ ತಪಾಸಣೆ ಕ್ಲಚ್ ವೈರಿನದು. ಲಿವರನ್ನು ಬೆರಳಲ್ಲಿ ಆಡಿಸಿದಾಗ ಭಾರ ಸಿಗುವ ಮೊದಲು ಎರಡು ಮೂರು ಮಿಲಿಮೀಟರಿನಷ್ಟು ಸಡಿಲ ಇರಬೇಕು. ಇದಕ್ಕೆ ‘ಪ್ಲೇ’ ಎನ್ನುತ್ತಾರೆ. ಕಾರ್ಕ್ ಸವೆದಂತೆ ಅಡಕಲು ತೆಳ್ಳಗಾಗಿ, ಪ್ರೆಷರ್ ಪ್ಲೇಟ್ ಒಳಕ್ಕೆ ಸರಿದು ಪುಶ್‌ರಾಡಿಗೆ ತಾಗುತ್ತದೆ. ಆಗ ಪ್ಲೇ ಮಾಯ. ಸವಾರ ಲಿವರ್ ಮುಟ್ಟದಿದ್ದರೂ ರಾಡ್ ಸದಾ ಒಂದಿಷ್ಟು ದೂಡುತ್ತಲೇ ಇರುತ್ತದೆ, ಸ್ಪ್ರಿಂಗಿನ ಬಲ ಪ್ಲೇಟಿಗೆ ಪೂರ್ತಿ ಸಿಗುವುದಿಲ್ಲ. ಪ್ಲೇ ಕೂರಿಸಿದರೆ ಸರಿಹೋಗುವ ಗಾಡಿಗೆ ಹೊಸ ಪ್ಲೇಟ್ ಹಾಕಿಸಿದವರು ಕಡಿಮೆ ಇಲ್ಲ. ಎಳೆ ಬಿಚ್ಚಿದ, ತುಕ್ಕು ಹಿಡಿದ ವೈರನ್ನೂ ಇದೇ ಹಂತದಲ್ಲಿ ಬದಲಿಸಬೇಕು. ಆಯಿಲ್ ಯಾವುದು, ಎಷ್ಟಿದೆ ಎಂಬುದನ್ನೂ ಈಗಲೇ ನೋಡಬೇಕು. ಉಜ್ಜಾಟ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲು ಕ್ಲಚ್ ಮುಳುಗುವ ಕಡೆಗೆ ಸಲ್ಲದು.

ಬಿಚ್ಚಿದ ಮೇಲೆ

ಇಷ್ಟಾದ ಮೇಲೂ ಜಾರಿದರೆ ಮಾತ್ರ ಎಡಗಡೆಯ ಕವರ್ ಬಿಚ್ಚುವುದು. ಆಯಿಲ್ ಇಳಿಸಿ, ಗೇರ್ ಲಿವರ್ ತೆಗೆದು, ಕವರನ್ನು ಮೆಲ್ಲಗೆ ತಟ್ಟಿ ಬಿಡಿಸಬೇಕು. ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಅಂಚು ಗಾಯವಾಗಿ ಆಮೇಲೆ ಆಯುಷ್ಯವಿಡೀ ಆಯಿಲ್ ಸೋರುತ್ತದೆ. ಸ್ಪ್ರಿಂಗುಗಳನ್ನು ಒಂದೊಂದು ಸುತ್ತಿನಂತೆ ಎದುರುಬದುರಾಗಿ ಸಡಿಲಿಸಿ, ಪ್ಲೇಟುಗಳನ್ನು ಬಂದ ಸಾಲಿನಲ್ಲೇ ಬಟ್ಟೆಯ ಮೇಲೆ ಹರಡಬೇಕು.

ಆ ಬಟ್ಟೆಯ ಮೇಲೆ ಗಾಡಿಯ ಚರಿತ್ರೆಯೇ ಬಿದ್ದಿರುತ್ತದೆ. ಕಾರ್ಕ್ ಲೋಹದ ಮಟ್ಟಕ್ಕೆ ಸವೆದಿದ್ದರೆ ಇದು ಬಹಳ ಓಡಿದ ಗಾಡಿ. ಕರ್ರಗೆ ಸುಟ್ಟು ಪುಡಿಯಾಗಿದ್ದರೆ ಲಿವರ್ ಅರ್ಧ ಒತ್ತಿಕೊಂಡೇ ಓಡಿಸುವ ಅಭ್ಯಾಸ ಯಾರಿಗೋ ಇತ್ತು. ಉಕ್ಕಿನ ಪ್ಲೇಟಿನಲ್ಲಿ ನೀಲಿ ಬಣ್ಣ ಕಂಡರೆ ಅತಿಯಾಗಿ ಕಾದ ಗುರುತು. ಅದನ್ನು ಗಾಜಿನ ಮೇಲಿಟ್ಟು, ಫೀಲರ್ ಗೇಜ್ ತೂರಿಸಿ ಸೊಟ್ಟಗಾಗಿದೆಯೇ ನೋಡುತ್ತಾರೆ. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದರೆ ಕುಗ್ಗಿದ್ದು ತಾನೇ ಕಾಣುತ್ತದೆ, ಒಂದು ಕುಗ್ಗಿದ್ದರೂ ಎಲ್ಲವನ್ನೂ ಬದಲಿಸುವುದು ಕ್ರಮ. ಡ್ರಮ್ಮಿನ ಬಾಯಲ್ಲಿ ಪ್ಲೇಟಿನ ಹಲ್ಲುಗಳು ಕಚ್ಚು ಮಾಡಿದ್ದರೆ ಹೊಸ ಪ್ಲೇಟೂ ಅಲ್ಲಿ ಸಿಕ್ಕಿಕೊಂಡು ಬಿಡದೆ ಎಳೆಯುತ್ತದೆ. ಸಣ್ಣ ಕಚ್ಚನ್ನು ಅರದಿಂದ ಉಜ್ಜಿ ಸಮ ಮಾಡಬಹುದು. ಆಳವಾಗಿದ್ದರೆ ಡ್ರಮ್ಮನ್ನೇ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೋ ಗುಜರಿಗೋ ಹೋಗಬೇಕು.

ಹಳಬರ ಕೈಚಳಕ ತಿಳಿಯುವುದು ಕಾರ್ಕ್ ಕೂರಿಸುವಾಗ. ಕಾರ್ಕ್ ಎಂಬುದು ಮೆಡಿಟರೇನಿಯನ್ ಸುತ್ತಲಿನ ನಾಡುಗಳಲ್ಲಿ ಬೆಳೆಯುವ ಓಕ್ ಮರದ ತೊಗಟೆ. ಆಯಿಲಿನಲ್ಲಿ ಮುಳುಗಿದ್ದರೂ ಹಿಡಿತ ಬಿಡದ ಗುಣ ಅದಕ್ಕಿದೆ. ಹಳೆಯ ಚೂರುಗಳನ್ನು ಕಿತ್ತು, ಕಿಂಡಿಗಳನ್ನು ಕೆರೆದು, ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾದ ಹೊಸ ಕಾರ್ಕನ್ನು ಒತ್ತಿ ಕೂರಿಸುತ್ತಾರೆ. ಅದು ಹಿಗ್ಗಿ ಕಿಂಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಸಮತಟ್ಟಾದ ಹಲಗೆಗೆ ಹಚ್ಚಿದ ಮರಳು ಕಾಗದದ ಮೇಲೆ ಪ್ಲೇಟನ್ನು ಸುತ್ತ ಉಜ್ಜಿ ಎಲ್ಲ ಚೂರುಗಳನ್ನೂ ಒಂದೇ ಎತ್ತರಕ್ಕೆ ತರಬೇಕು. ಒಂದು ಚೂರು ಎತ್ತರವಿದ್ದರೂ ಭಾರವೆಲ್ಲ ಅದರ ಮೇಲೇ ಬಿದ್ದು ಅದು ಮೊದಲು ಸುಡುತ್ತದೆ. ಕಾರ್ಕಿನ ಬದಲು ಬೇರೆ ಲೈನಿಂಗ್ ಇರುವ ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ವಿಷ, ಅಂಥದ್ದನ್ನು ಉಜ್ಜಲೂಬಾರದು, ಗಾಳಿ ಹೊಡೆಯಲೂಬಾರದು.

ಸಿದ್ಧವಾದ ಪ್ಲೇಟುಗಳನ್ನು ಜೋಡಿಸುವ ಮುನ್ನ ಇಡೀ ರಾತ್ರಿ ಆಯಿಲಿನಲ್ಲಿ ನೆನೆಸಿಡುವ ರೂಢಿ ಇದೆ. ಒಣ ಪ್ಲೇಟು ಮೊದಲ ಕಿಲೋಮೀಟರಿನಲ್ಲೇ ಸುಟ್ಟುಹೋಗಬಹುದು. ಮರುದಿನ ಸ್ಪ್ರಿಂಗುಗಳನ್ನು ಸಮವಾಗಿ ಬಿಗಿದು, ಲಿವರ್ ಒತ್ತಿ ಪ್ರೆಷರ್ ಪ್ಲೇಟ್ ಓರೆಯಾಗದೆ ನೇರವಾಗಿ ಮೇಲೇಳುತ್ತದೆಯೇ ನೋಡಿ, ಹೊಸ ಪ್ಯಾಕಿಂಗ್ ಇಟ್ಟು ಕವರ್ ಮುಚ್ಚುತ್ತಾರೆ.

ಮತ್ತೆ ಅದೇ ಬೆಟ್ಟದ ರಸ್ತೆ. ಈಗ ಆಕ್ಸಿಲರೇಟರ್ ಕೊಟ್ಟರೆ ಸದ್ದೂ ವೇಗವೂ ಒಟ್ಟಿಗೆ ಏರುತ್ತವೆ. ಕೆಲಸ ಬಲ್ಲ ಮೆಕ್ಯಾನಿಕ್ ಇಷ್ಟಕ್ಕೆ ಕೈತೊಳೆದುಕೊಳ್ಳುವುದಿಲ್ಲ. ಹೊಸ ಕಾರ್ಕ್ ಕೂತುಕೊಳ್ಳುತ್ತಾ ಮೊದಲ ಕೆಲವು ದಿನ ಬೇಗ ತಗ್ಗುತ್ತದೆ, ಪ್ಲೇ ಮತ್ತೆ ಕಡಿಮೆಯಾಗುತ್ತದೆ. ಅದಕ್ಕೇ ಗಾಡಿ ಒಪ್ಪಿಸುವಾಗ ಅವನು ಹೇಳುವ ಕೊನೆಯ ಮಾತು, ‘ನೂರು ಕಿಲೋಮೀಟರ್ ಓಡಿಸಿ, ಇನ್ನೊಂದ್ ಸಲ ತನ್ನಿ ಸಾರ್, ವೈರ್ ನೋಡಿಕೊಡ್ತೀನಿ.’